ಬೆಂಗಳೂರು ಮುಸ್ಲಿಮ್ಸ್: ಒಂದು ಕಾಲ್ಚೆಂಡಿನ ತಂಡದ ಸ್ಮರಣೆ

ಕಿರಂಗೂರಿನಂತಹ ಊರುಗಳ ಬಯಲಿನಲ್ಲಿ ಮಕ್ಕಳು ಚೆಂಡೊದೆಯುವುದನ್ನು ಕಂಡಾಗ, ಹಳೆಯ ಮೈಸೂರು ಸೀಮೆಯವರಾದ ನಾವು ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಸ್ಮರಿಸದಿರಲಾರೆವು. ಮುಂಬಯಿಯಲ್ಲಿ 1891ರಿಂದ ನಡೆದುಬಂದ ರೋವರ್ಸ್ ಕಪ್ ಪಂದ್ಯಾವಳಿ ದಶಕಗಳ ಕಾಲ ಬ್ರಿಟಿಷ್ ಸೈನಿಕ ದಳಗಳ ಸೊತ್ತೇ ಆಗಿತ್ತು. 1937ರಲ್ಲಿ ಅದನ್ನು ಗೆದ್ದ ಪ್ರಥಮ ಭಾರತೀಯ ತಂಡವೆಂಬ ಕೀರ್ತಿ ಇದಕ್ಕೆ ಸಲ್ಲುತ್ತದೆ. ಆ ಗೆಲುವು ಆಕಸ್ಮಿಕವಾಗಿರಲಿಲ್ಲ. 1938ರಲ್ಲಿಯೂ 1948ರಲ್ಲಿಯೂ ಕಪ್ ಅದೇ ತಂಡದ ಪಾಲಾಯಿತು. ಈ ನಡುವೆ 1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ಬಲಿಷ್ಠ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗಳಿಸಿತು. 1968-69ರ ವಿಜಯದ ತರುವಾಯ ಮಾತ್ರ ಆ ಟ್ರೋಫಿಗಾಗಿ ನಾಡು 2023ರವರೆಗೆ ಕಾಯಬೇಕಾಯಿತು.

ಹೆಸರು ಒಂದು ಸಮುದಾಯದ್ದಾದರೂ ಆ ತಂಡದ ಕೀರ್ತಿ ನಾಡಿನದು. ಬಯಲು ಉಳಿದರೆ ಆಟಗಾರರು ಹುಟ್ಟುವರು. ಊರಿನ ಆಟದ ಬಯಲನ್ನು ಮಕ್ಕಳಿಗಾಗಿ ಉಳಿಸಿಕೊಡುವುದೇ ಆ ಹಿರಿಯ ಆಟಗಾರರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.