ಬಂದೂಕಿನ ಬೆನ್ನಿಗೆ ಬಂದ ಕ್ಯಾಮೆರಾ

ಎರೆಭೂತ ಅನ್ನೋ ಹೆಸರು ನಿಮ್ಮ ಕಿವಿಗೆ ಬಿದ್ದಿದೆಯೇ? ಭೂತ ಅಂದ ಕೂಡಲೇ ಹೆದರಬೇಡಿ, ಇದೊಂದು ಹಕ್ಕಿ. ಒಂದು ಮೀಟರ್ ಎತ್ತರ, ಉದ್ದ ಬಿಳಿ ಕುತ್ತಿಗೆ, ತಲೆಮೇಲೆ ಕರಿ ಟೊಪ್ಪಿಗೆ. ಗಂಡು 15 ಕಿಲೋವರೆಗೂ ತೂಗಬಲ್ಲದು. ಎರೆ ಹೊಲದಲ್ಲಿ ದೂರಕ್ಕೆ ನಿಂತಿರುತ್ತದೆ, ಹತ್ತಿರ ಹೋಗುವಷ್ಟರಲ್ಲಿ ಇರುವುದಿಲ್ಲ. ಅದಕ್ಕೇ ಈ ಹೆಸರು ಬಂತೇನೋ ಅನಿಸುತ್ತದೆ. ಎರ್ಲಡ್ಡು, ದೊರವಾಯನ ಹಕ್ಕಿ ಅಂತಲೂ ಕರೆಯುತ್ತಾರೆ. ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರೆ ಮಾಳಢೋಕ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್.

ಈಗ ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರ ಮೊಬೈಲ್ ತೆರೆದರೆ ನವಿಲು, ಗಿಳಿ, ಬೆಳ್ಳಕ್ಕಿ, ಚಿಗರಿ ಎಲ್ಲ ಸಿಗುತ್ತವೆ. ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ನಾಲ್ಕು ಫೋಟೋ ಆಗಿರುತ್ತವೆ. ಆದರೆ ಹಕ್ಕಿಯ ಫೋಟೋ ತೆಗೆಯುವ ಕೆಲಸ ನಮ್ಮ ಸೀಮೆಗೆ ಹಕ್ಕಿಯ ಮೇಲಿನ ಪ್ರೀತಿಯಿಂದ ಬಂದದ್ದಲ್ಲ. ಅದು ಬಂದದ್ದು ಬೇಟೆಯ ಜೊತೆಗೆ.

ನಮ್ಮ ಮೂರೂ ತಾಲೂಕು 1948ರ ತನಕ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವು. ಆ ರಾಜ್ಯದ ದೊಡ್ಡ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನದಲ್ಲಿದ್ದು ರಾಜಾ ಎಂಬ ಬಿರುದು ಪಡೆದವರು. 1890ರ ದಶಕದಲ್ಲಿ ನಿಜಾಮರು ಶಿಕಾರಿಗೆ ಹೊರಟರೆ ಇವರ ಕ್ಯಾಮೆರಾವೂ ಹೊರಡುತ್ತಿತ್ತು. ಸತ್ತು ಬಿದ್ದ ಹುಲಿ, ಅದರ ಹಿಂದೆ ಬಂದೂಕು ಹಿಡಿದ ದೊರೆ, ಸುತ್ತ ಆಳುಗಳು, ಹೀಗಿರುತ್ತಿದ್ದವು ಆ ಚಿತ್ರಗಳು. ಆಗಿನ ಕ್ಯಾಮೆರಾ ಮರದ ಪೆಟ್ಟಿಗೆಯಷ್ಟು ದೊಡ್ಡದು, ಮೂರು ಕಾಲಿನ ಮೇಲೆ ನಿಲ್ಲಿಸಬೇಕು, ಒಳಗೆ ಗಾಜಿನ ಫಲಕ. ಹಾರುವ ಹಕ್ಕಿ, ಓಡುವ ಚಿಗರಿ ಅದಕ್ಕೆಲ್ಲಿ ಸಿಕ್ಕಾವು? ಹೊಡೆದು ಕೆಡವಿದ್ದು ಮಾತ್ರ ಅಲುಗಾಡದೆ ಇರುತ್ತಿತ್ತು.

ಎಷ್ಟು ಹೊಡೆಯುತ್ತಿದ್ದರು ಅನ್ನುವುದಕ್ಕೆ ಒಂದು ಲೆಕ್ಕ ಉಳಿದಿದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷ್ ಬೇಟೆಗಾರ 1809ರಿಂದ 1829ರ ನಡುವೆ ಅಹಮದನಗರ ಜಿಲ್ಲೆಯಲ್ಲಿ ಹೊಡೆದ ಎರೆಭೂತಗಳು 961. ನಮ್ಮ ಭೀಮಾ ನದಿ ಅಫಜಲಪುರಕ್ಕೆ ಬರುವ ಮೊದಲು ಅದೇ ಜಿಲ್ಲೆಯ ಅಂಚು ಸವರಿಕೊಂಡು ಬರುತ್ತದೆ. ಇವತ್ತು ಇಡೀ ಭಾರತ ಹುಡುಕಿದರೂ ಈ ಹಕ್ಕಿ ಸುಮಾರು 150ರ ಆಸುಪಾಸಿನಲ್ಲಿದೆ ಎನ್ನುತ್ತಾರೆ. ಅದೂ ಹೆಚ್ಚಿನವು ರಾಜಸ್ಥಾನದಲ್ಲಿ.

ಬೇಟೆ ಅಂದರೆ ಬರೀ ದೊರೆಗಳ ಬೇಟೆ ಅಲ್ಲ. ನಮ್ಮ ಕಡೆ ಹರಣಶಿಕಾರಿ, ಫಾಸೆಪಾರ್ಧಿ ಅಂತ ಕರೆಸಿಕೊಳ್ಳುವ ಜನರಿದ್ದಾರೆ. ಫಾಸೆ ಅಂದರೆ ಉರುಲು. ಕೌಜುಗ, ಬುರ್ಲಿ, ಚಿಗರಿ ಹಿಡಿಯುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಪಾರ್ಧಿಗಳ ಒಂದು ಉಪಾಯ ಬಹಳ ಚೆಂದ. ಪಳಗಿಸಿದ ಎತ್ತನ್ನೋ ಆಕಳನ್ನೋ ಮುಂದೆ ಬಿಟ್ಟುಕೊಂಡು ಅದರ ಮರೆಯಲ್ಲಿ ಬಗ್ಗಿ ನಡೆಯುವುದು. ದನ ಮೇಯುತ್ತಾ ಹೋದರೆ ಹಕ್ಕಿ ಹೆದರುವುದಿಲ್ಲ. ಬರೀ ಮನುಷ್ಯ ಕಂಡರೆ ಎದ್ದು ಹೋಗುತ್ತದೆ. ಇಂಗ್ಲಿಷ್ ಬೇಟೆಗಾರರೂ ಇದನ್ನೇ ಬೇರೆ ರೀತಿ ಮಾಡಿದರು. ಎರೆಭೂತ ಕಂಡರೆ ಎತ್ತಿನ ಗಾಡಿ ಏರಿ, ನೆಟ್ಟಗೆ ಹೋಗದೆ ಸುತ್ತು ಹಾಕುತ್ತಾ ಹತ್ತಿರವಾಗುತ್ತಿದ್ದರು.

ದೊರೆ ಹೊಡೆದರೆ ಅದಕ್ಕೆ ಶಿಕಾರಿ ಅನ್ನುವ ಮರ್ಯಾದೆ, ಆಲ್ಬಂ ಬೇರೆ. ಹೊಟ್ಟೆಗಾಗಿ ಹಿಡಿದವರಿಗೆ? ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುತ್ತಾ ಹೋಯಿತು. ಆ ಪಟ್ಟಿ ರದ್ದಾದದ್ದು 1952ರಲ್ಲಿ. ಹಕ್ಕಿಗಳ ಬಗ್ಗೆ ಅಷ್ಟು ತಿಳಿದಿದ್ದ ಜನರ ತಿಳಿವಳಿಕೆ ಯಾವ ಪುಸ್ತಕಕ್ಕೂ ಅವರ ಹೆಸರಿನಲ್ಲಿ ಏರಲಿಲ್ಲ ಅನ್ನುವುದು ನಮಗೆ ಇಂದಿಗೂ ಕಸಿವಿಸಿಯ ಸಂಗತಿ.

ಈಗ ಇಂಗ್ಲೆಂಡಿನ ಒಂದು ತಮಾಷೆ ಕೇಳಿ. ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಅಣ್ಣತಮ್ಮಂದಿರು, ಹಳ್ಳಿಯ ರೈತನ ಮಕ್ಕಳು, 1892ರಲ್ಲಿ ಹಕ್ಕಿ ಗೂಡಿನ ಫೋಟೋ ತೆಗೆಯಲು ಶುರು ಮಾಡಿದರು. 1895ರಲ್ಲಿ ಪೂರ್ತಿ ಫೋಟೋಗಳಿಂದಲೇ ಕೂಡಿದ ಹಕ್ಕಿ ಗೂಡಿನ ಪುಸ್ತಕ ತಂದರು. ಹತ್ತಿರ ಹೋಗುವುದು ಹೇಗೆ ಅಂತ ತಲೆ ಕೆಡಿಸಿಕೊಂಡು, ಸತ್ತ ಎತ್ತಿನ ಚರ್ಮಕ್ಕೆ ಒಳಗೆ ಟೊಳ್ಳು ಬಿಟ್ಟು ಹೊಲಿಸಿ, ಅದರೊಳಗೆ ಕ್ಯಾಮೆರಾ ಸಮೇತ ಹೊಕ್ಕು ನಿಂತರು! ಒಮ್ಮೆ ಒಳಗಿದ್ದವರು ತಲೆ ತಿರುಗಿ ಎತ್ತಿನ ಸಮೇತ ಮಗುಚಿದ್ದೂ ಉಂಟು. ಎತ್ತಿನ ಮರೆಯ ಉಪಾಯ ಪಾರ್ಧಿಗೂ ಹೊಳೆದಿತ್ತು, ಕೀರ್ಟನ್‌ಗೂ ಹೊಳೆಯಿತು. ಒಬ್ಬನ ಕೈಯಲ್ಲಿ ಉರುಲು, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ.

ಭಾರತದಲ್ಲಿ ಈ ಬದಲಾವಣೆಗೆ ಇನ್ನಷ್ಟು ಕಾಲ ಬೇಕಾಯಿತು. ಉತ್ತರದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ದಾರಿಗೆ ತಂತಿ ಕಟ್ಟಿ, ಹುಲಿ ತಾನೇ ತುಳಿದು ತನ್ನ ಫೋಟೋ ತೆಗೆದುಕೊಳ್ಳುವ ಹಾಗೆ ಮಾಡಿದರು. ಅವರ ಪುಸ್ತಕ 1927ರಲ್ಲಿ ಬಂತು. ಕಾಡಿನ ಕಡೆ ಹೊರಟವರೆಲ್ಲ ಬಂದೂಕು ಒಯ್ಯಲೇಬೇಕಿಲ್ಲ ಅಂತ ತೋರಿಸಿದವರಲ್ಲಿ ಅವರು ಮೊದಲಿಗರು.

ನಮ್ಮ ಸೀಮೆಯ ಹಕ್ಕಿಗಳ ಲೆಕ್ಕಕ್ಕೆ ಕೈ ಹಾಕಿದವರು ಸಲೀಂ ಅಲಿ. 1931ರಲ್ಲಿ ಅವರು ಹೈದರಾಬಾದ್ ರಾಜ್ಯದ ಪಕ್ಷಿ ಸಮೀಕ್ಷೆ ಶುರು ಮಾಡಿದಾಗ ಕೆಲಸವಿರಲಿಲ್ಲ. ಸಂಬಳ ಬೇಡ, ಓಡಾಟದ ಖರ್ಚು ಕೊಟ್ಟರೆ ಸಾಕು ಅಂತ ಒಪ್ಪಿಕೊಂಡು ಹೊರಟರು. ಹೆಂಡತಿ ತೆಹಮಿನಾ ಅವರೂ ಡೇರೆಯಿಂದ ಡೇರೆಗೆ ಜೊತೆಗಿದ್ದರು. ಆಗ ಸಮೀಕ್ಷೆ ಅಂದರೆ ಹಕ್ಕಿ ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಮ್ಯೂಸಿಯಂಗೆ ಕಳಿಸುವುದೇ. ಕೈಯಲ್ಲಿ ಹಿಡಿದು ನೋಡದೆ ಜಾತಿ ಗುರುತಿಸಲು ಬೇರೆ ದಾರಿ ಇರಲಿಲ್ಲ. ಮುಂದೆ ಇದೇ ಸಲೀಂ ಅಲಿ ಎರೆಭೂತವೇ ರಾಷ್ಟ್ರಪಕ್ಷಿ ಆಗಲಿ ಅಂದವರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ನವಿಲು ಈಗ ನಮ್ಮ ತೊಗರಿ ಹೊಲದಲ್ಲೂ ಬಂದು ಕುಣಿಯುತ್ತದೆ. ಪಟ್ಟ ತಪ್ಪಿದ ಹಕ್ಕಿ ಎಲ್ಲಿದೆ ನೋಡಿ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಶಿಕಾರಿಯ ಬಾಗಿಲು ಮುಚ್ಚಿತು, ಕ್ಯಾಮೆರಾಕ್ಕೆ ದಾರಿ ಬಿಟ್ಟಿತು. ಕರ್ನಾಟಕದಲ್ಲಿ ಆ ದಾರಿ ಹಿಡಿದವರಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರೇ ಒಬ್ಬರಿದ್ದರು. ಸಂಡೂರಿನ ಎಂ.ವೈ. ಘೋರ್ಪಡೆ. ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರಾಗಿದ್ದರು, ಪಂಚಾಯತ್ ರಾಜ್ ಖಾತೆಯನ್ನೂ ನೋಡಿಕೊಂಡರು. ಅವರ ವನ್ಯಜೀವಿ ಫೋಟೋಗಳ ಪುಸ್ತಕ 1983ರಲ್ಲಿ ಬಂತು. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಈ ವಿದ್ಯೆಯನ್ನು ಬೆಳೆಸಿದರು. ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಮನೆ ಸುತ್ತಲಿನ ಹಕ್ಕಿಗಳ ಫೋಟೋ ತೆಗೆದರು, ಅವುಗಳ ಬಗ್ಗೆ ಕನ್ನಡದಲ್ಲೇ ಬರೆದರು. ಹಕ್ಕಿ ನೋಡಲು ದೂರದ ಕಾಡಿಗೇ ಹೋಗಬೇಕಿಲ್ಲ ಅಂತ ನಮಗೆ ಮನದಟ್ಟಾದದ್ದು ತೇಜಸ್ವಿಯವರಿಂದ.

ಹಾಗಾದರೆ ನಮ್ಮ ಬಯಲು? ಕಾಡು ಅಂದರೆ ಮರ ಅನ್ನುವ ಲೆಕ್ಕದಲ್ಲಿ ಹುಲ್ಲುಗಾವಲಿಗೆ ಬೆಲೆಯೇ ಇರಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಎರೆಭೂತ ಇದ್ದ ಕಾಲವಿತ್ತು, ಆದರೆ ಅಲ್ಲಿಯ ಬಯಲಲ್ಲಿ ನೀಲಗಿರಿ ಗಿಡ ಬೆಳೆಸಿದ್ದರು. ಆಳಂದದಿಂದ ವಾಗ್ದರಿ, ಅಕ್ಕಲಕೋಟೆ ಹಾದು ಸೊಲ್ಲಾಪುರ ದಾಟಿದರೆ ನಾನ್ನಜ್ ಸಿಗುತ್ತದೆ. ಅಲ್ಲಿ ಈ ಹಕ್ಕಿಗಾಗಿಯೇ 1979ರಲ್ಲಿ ಅಭಯಾರಣ್ಯ ಆಯಿತು. ವಿಸ್ತೀರ್ಣ 8,496 ಚದರ ಕಿಲೋಮೀಟರ್! ಊರು, ಹೊಲ, ಬಾವಿ ಎಲ್ಲ ಅದರೊಳಗೇ. ನಮ್ಮ ಹೊಲದಲ್ಲಿ ನಾವು ಏನು ಮಾಡಬೇಕಾದರೂ ಅಡ್ಡಿ ಅಂತ ರೈತರು ಸಿಟ್ಟಾದರು. ಕಡೆಗೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ನಕ್ಷೆಯ ಮೇಲೆ ಗೆರೆ ಎಳೆಯುವವರು ಹೊಲದವರನ್ನು ಮೊದಲೇ ಕೇಳಿದ್ದರೆ ಹಕ್ಕಿಗೂ ಇಷ್ಟು ವೈರಿಗಳು ಹುಟ್ಟುತ್ತಿರಲಿಲ್ಲ ಅನ್ನುವುದು ನಮ್ಮ ಮಾತು. ಕರ್ನಾಟಕದಲ್ಲಿ ಈ ಹಕ್ಕಿಯ ಸುದ್ದಿ ಬರುವುದು ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯಿಂದ. ಭಾರವಾದ ಹಕ್ಕಿ, ನೇರ ಮುಂದೆ ಇರುವುದು ಅದರ ಕಣ್ಣಿಗೆ ಸರಿಯಾಗಿ ಬೀಳದು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಇಡುವುದು ವರ್ಷಕ್ಕೆ ಹೆಚ್ಚಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ.

ನೆಲದ ಮೇಲಿನ ಮೊಟ್ಟೆ ಅಂದಾಗ ಟಿಟ್ಟಿಭ ನೆನಪಾಗುತ್ತದೆ. ಹರಗಿದ ಹೊಲದಲ್ಲಿ ಹೆಂಟೆಗಳ ನಡುವೆ ಮಣ್ಣಿನ ಬಣ್ಣದ್ದೇ ಮೊಟ್ಟೆ. ಮೊಬೈಲ್ ಹಿಡಿದು ಹತ್ತಿರ ಕೂತರೆ ತಾಯಿ ಚೀರುತ್ತಾ ಮೇಲೆ ಸುತ್ತುತ್ತಿರುತ್ತದೆ, ಕೆಳಗೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಗೂಡಿನ ಚಿತ್ರಗಳನ್ನು ಈಗ ಹಲವು ಸ್ಪರ್ಧೆಗಳಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಕೀರ್ಟನ್ ಅಣ್ಣತಮ್ಮಂದಿರು ಶುರು ಮಾಡಿದ್ದೇ ಗೂಡಿನಿಂದ, ಆದರೆ ಆಗ ಕ್ಯಾಮೆರಾ ಊರಿಗೊಂದೂ ಇರಲಿಲ್ಲ. ಇನ್ನು ಹಿಡಿದ ಮೊಲ, ಕೌಜುಗ ತೋರಿಸಿ ರೀಲ್ ಮಾಡುವವರಿದ್ದಾರಲ್ಲ, ಅವರು ಮಾಡುತ್ತಿರುವುದು 1890ರ ಫೋಟೋ. ಅದು ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಒಳ್ಳೆಯ ಫೋಟೋಕ್ಕೆ ದುಬಾರಿ ಲೆನ್ಸ್ ಬೇಕು ಅನ್ನುತ್ತಾರೆ, ಪೂರ್ತಿ ಸುಳ್ಳಲ್ಲ. ಆದರೆ ಎತ್ತಿನ ಮರೆಯ ವಿದ್ಯೆ ನಮ್ಮದೇ. ಗಳೆ ಹೊಡೆಯುವಾಗ ಬೆನ್ನಿಗೇ ಬರುವ ಬೆಳ್ಳಕ್ಕಿ, ತಂತಿಯ ಮೇಲಿನ ನೀಲಕಂಠ, ಜೋಳ ಸೀತನಿಗೆ ಬಂದಾಗ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿ, ಇವು ಟ್ರ್ಯಾಕ್ಟರಿಗೂ ದನಕ್ಕೂ ಹೆದರುವುದಿಲ್ಲ. ಶಹರದಿಂದ ಬಂದವರಿಗೆ ದಿನವಿಡೀ ಕಾದರೂ ಸಿಗದ್ದು ಗಾಡಿಯ ಮೇಲೆ ಕೂತವರಿಗೆ ಸಿಗುತ್ತದೆ. ತೆಗೆದ ಫೋಟೋಕ್ಕೆ ತಾರೀಖು, ಊರಿನ ಹೆಸರು, ಹೊಲದಲ್ಲಿದ್ದ ಬೆಳೆ ಬರೆದಿಡಿ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ನಿಮ್ಮ ಊರಲ್ಲಿ ಕರೆಯುವ ಹೆಸರನ್ನೇ ಬರೆಯಿರಿ.

ಇನ್ನೊಂದು ಕೇಳಿಕೆ ಇದೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಗೌಡರ ವಾಡೆಯ ಗೋಡೆಯ ಮೇಲೆ ಹಳೇ ಶಿಕಾರಿ ಫೋಟೋ ಇದ್ದರೆ ಕೆಳಗಿಳಿಸಿ ನೋಡಿ. ಕೈಯಲ್ಲಿ ಹಿಡಿದ ಹಕ್ಕಿ ಯಾವುದು, ಕುತ್ತಿಗೆ ಬಿಳಿಯೇ, ತಲೆಮೇಲೆ ಕರಿ ಟೊಪ್ಪಿಗೆ ಇದೆಯೇ? ಹಿಂಬದಿಯಲ್ಲಿ ಸ್ಟುಡಿಯೋ ಮುದ್ರೆ, ಇಸವಿ ಇದ್ದರೆ ಅದನ್ನೂ ಮೊಬೈಲಿನಲ್ಲಿ ತೆಗೆದು ನಮಗೆ ಕಳಿಸಿ. ಮನೆಯಲ್ಲಿ ಮುದುಕರಿದ್ದರೆ ಅವರ ಮುಂದೆ ಹಿಡಿದು ಎರೆಭೂತ ನೋಡಿದ್ದು ನೆನಪಿದೆಯೇ ಅಂತ ಕೇಳಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ.