ವೆಕ್ಟರ್ ಚಿತ್ರಗಳಲ್ಲಿ ಪಾರದರ್ಶಕತೆ

ವೆಕ್ಟರ್ ಚಿತ್ರಗಳಲ್ಲಿ ಪಾರದರ್ಶಕತೆ ಎಂದರೆ ರೇಖೆ, ಆಕೃತಿ ಅಥವಾ ಅಕ್ಷರಗಳ ಮೂಲಕ ಅವುಗಳ ಕೆಳಗಿರುವ ಬಣ್ಣವು ಪೂರ್ಣವಾಗಿ ಇಲ್ಲವೇ ಭಾಗಶಃ ಕಾಣುವಂತೆ ಮಾಡುವ ಗುಣ. ಗಣಿತದ ನಿರೂಪಣೆಯಿಂದ ರಚಿತವಾದ ವೆಕ್ಟರ್ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅದರ ಅಂಚು ಕೆಡುವುದಿಲ್ಲ. ಆದರೆ ಒಂದು ತಂತ್ರಾಂಶದಲ್ಲಿ ರಚಿಸಿದ ಪಾರದರ್ಶಕ ಭಾಗಗಳು ಮತ್ತೊಂದರಲ್ಲಿ ಕಪ್ಪು ಚೌಕ, ಬಿಳಿ ಹಿನ್ನೆಲೆ ಅಥವಾ ಸಣ್ಣ ಬಿಳಿ ಗೆರೆಗಳಾಗಿ ಕಾಣುವುದುಂಟು. ಪಾರದರ್ಶಕತೆಯು ಕಡತದಲ್ಲಿ ಬರೆದಿಟ್ಟ ಒಂದು ಸಂಖ್ಯೆ ಮಾತ್ರ. ಅದರಿಂದ ಬಣ್ಣವನ್ನು ಲೆಕ್ಕಹಾಕುವ ಕೆಲಸ ಕಡತವನ್ನು ತೆರೆಯುವ ತಂತ್ರಾಂಶದ್ದು. ಆ ಲೆಕ್ಕ ತಪ್ಪಿದಲ್ಲಿ ಚಿತ್ರವೂ ಕೆಡುತ್ತದೆ.

ಲೆಕ್ಕಾಚಾರದ ಕ್ರಮ

ಆಕೃತಿಯ ಸಾಂದ್ರತೆಯನ್ನು 0 ಯಿಂದ 1 ರವರೆಗಿನ ಆಲ್ಫಾ ಮೌಲ್ಯದಿಂದ ಸೂಚಿಸಲಾಗುತ್ತದೆ. 0 ಎಂದರೆ ಪೂರ್ಣ ಪಾರದರ್ಶಕ, 1 ಎಂದರೆ ಪೂರ್ಣ ಅಪಾರದರ್ಶಕ. ಪದರಗಳನ್ನು ಒಂದರ ಮೇಲೊಂದು ಸಂಯೋಜಿಸುವ ನಿಯಮಗಳನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅವರು 1984ರಲ್ಲಿ ಪ್ರಕಟಿಸಿದರು. ಇಂದಿನ ಬಹುತೇಕ ಚಿತ್ರ ತಂತ್ರಾಂಶಗಳು ಈ ನಿಯಮಗಳನ್ನೇ ಆಧರಿಸಿವೆ.

ಈ ನಿಯಮದಂತೆ 0.5 ಆಲ್ಫಾ ಇರುವ ಎರಡು ವೃತ್ತಗಳು ಒಂದರ ಮೇಲೊಂದು ಬಂದಾಗ, ಅವು ಕೂಡುವ ಭಾಗದ ಸಾಂದ್ರತೆ 1 ಆಗುವುದಿಲ್ಲ, 0.75 ಆಗುತ್ತದೆ. ಮೊದಲ ವೃತ್ತವು ಹಿನ್ನೆಲೆಯ ಅರ್ಧವನ್ನು ಮುಚ್ಚಿದರೆ, ಎರಡನೆಯದು ಉಳಿದ ಅರ್ಧದ ಅರ್ಧವನ್ನಷ್ಟೇ ಮುಚ್ಚುತ್ತದೆ. ಅವೇ ವೃತ್ತಗಳನ್ನು ಅಪಾರದರ್ಶಕವಾಗಿರಿಸಿ, ಗುಂಪು ಮಾಡಿ, ಇಡೀ ಗುಂಪಿಗೆ 0.5 ಕೊಟ್ಟರೆ ಎಲ್ಲೆಡೆಯೂ ಸಾಂದ್ರತೆ 0.5 ಆಗಿರುತ್ತದೆ.

ಕಡತ ಸ್ವರೂಪಗಳು

ಪೋಸ್ಟ್‌ಸ್ಕ್ರಿಪ್ಟ್ ಮತ್ತು ಅದನ್ನು ಆಧರಿಸಿದ ಇಪಿಎಸ್: ಇವುಗಳಲ್ಲಿ ಮೇಲಿನ ಬಣ್ಣ ಕೆಳಗಿನದನ್ನು ಪೂರ್ತಿಯಾಗಿ ಮುಚ್ಚುತ್ತದೆ. ಭಾಗಶಃ ಪಾರದರ್ಶಕತೆಗೆ ಅವಕಾಶವಿಲ್ಲ.

ಪಿಡಿಎಫ್: 2001ರ 1.4 ಆವೃತ್ತಿಯಿಂದ ಪಾರದರ್ಶಕತೆ ಸೇರ್ಪಡೆಯಾಯಿತು. ಮುದ್ರಣಕ್ಕಾಗಿ ರೂಪಿಸಿದ ಪಿಡಿಎಫ್/ಎಕ್ಸ್-1ಎ ಮಾನಕವು ಅದನ್ನು ನಿಷೇಧಿಸಿದರೆ, ನಂತರದ ಪಿಡಿಎಫ್/ಎಕ್ಸ್-4 ಅನುಮತಿಸುತ್ತದೆ.

ಎಸ್‌ವಿಜಿ: 2001ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂನ ಶಿಫಾರಸಾದ ಈ ಸ್ವರೂಪದಲ್ಲಿ ಒಳಬಣ್ಣ, ಅಂಚುಗೆರೆ ಮತ್ತು ಗುಂಪುಗಳಿಗೆ ಬೇರೆಬೇರೆಯಾಗಿ ಸಾಂದ್ರತೆಯನ್ನು ನೀಡಬಹುದು.

ಸಾಮಾನ್ಯ ದೋಷಗಳು

ಬಿಳಿ ಹಿನ್ನೆಲೆಯ ಭ್ರಮೆ: ಇಂಕ್‌ಸ್ಕೇಪ್‌ನ ಹೊಸ ಕಡತದಲ್ಲಿ ಪುಟ ಬಿಳಿಯಾಗಿ ಕಂಡರೂ ವಾಸ್ತವದಲ್ಲಿ ಹಿನ್ನೆಲೆ ಪಾರದರ್ಶಕವಾಗಿರುತ್ತದೆ. ಅದರಲ್ಲಿ ರಚಿಸಿದ ಕಪ್ಪು ಲಾಂಛನವನ್ನು ಗಾಢ ಬಣ್ಣದ ಪುಟದಲ್ಲಿರಿಸಿದಾಗ ಅದು ಕಾಣದಂತಾಗುತ್ತದೆ. ಬೇಡವಾದ ಭಾಗವನ್ನು ಬಿಳಿ ಆಕೃತಿಯಿಂದ ಮುಚ್ಚಿದ ಚಿತ್ರಗಳಲ್ಲಿಯೂ ಹಿನ್ನೆಲೆ ಬದಲಾದೊಡನೆ ತೇಪೆ ಬಯಲಾಗುತ್ತದೆ.

ಗಾಢವಾಗುವ ಕೂಡುಭಾಗ: ಗುಂಪಿನ ಪಾರದರ್ಶಕತೆಯನ್ನು ಅರಿಯದ ತಂತ್ರಾಂಶವು ಆ ಮೌಲ್ಯವನ್ನು ಪ್ರತಿ ಸದಸ್ಯ ಆಕೃತಿಗೂ ಹಂಚಿದರೆ ಆಕೃತಿಗಳು ಕೂಡುವೆಡೆ ಕಲೆ ಮೂಡುತ್ತದೆ. ಆಕೃತಿಗಳಾಗಿ ಪರಿವರ್ತಿಸಿದ ಕನ್ನಡ ಪಠ್ಯದಲ್ಲಿ ಒತ್ತಕ್ಷರವು ಮೂಲಾಕ್ಷರದ ಮೇಲೆ ಹಾಯುವ ಸ್ಥಳದಲ್ಲಿಯೂ ಇದೇ ಆಗುತ್ತದೆ.

ಚಪ್ಪಟೆಗೊಳಿಸುವಿಕೆ ಮತ್ತು ಬಿಳಿ ಗೆರೆಗಳು: ಪಾರದರ್ಶಕತೆ ಇಲ್ಲದ ಸ್ವರೂಪಕ್ಕೆ ಪರಿವರ್ತಿಸುವಾಗ ತಂತ್ರಾಂಶವು ಚಿತ್ರವನ್ನು ಅಪಾರದರ್ಶಕ ತುಂಡುಗಳಾಗಿ ಒಡೆಯುತ್ತದೆ, ಕೆಲವನ್ನು ಪಿಕ್ಸೆಲ್ ಚಿತ್ರಗಳಾಗಿಸುತ್ತದೆ. ಎರಡು ತುಂಡುಗಳ ಗಡಿ ಒಂದೇ ಪಿಕ್ಸೆಲ್‌ನ ನಡುವೆ ಹಾದುಹೋದರೆ, ಅಂಚನ್ನು ನಯಗೊಳಿಸಲು ತಂತ್ರಾಂಶವು ಪ್ರತಿ ತುಂಡನ್ನೂ ಅಲ್ಲಿ 0.5 ಸಾಂದ್ರತೆಯಿಂದ ಬಿಡಿಸುತ್ತದೆ. ಮೇಲೆ ಹೇಳಿದ ವೃತ್ತಗಳ ಲೆಕ್ಕದಂತೆಯೇ ಅವೆರಡೂ ಸೇರಿ 0.75 ಆಗುವುದರಿಂದ, ಉಳಿದ ಕಾಲು ಭಾಗದಲ್ಲಿ ಹಿನ್ನೆಲೆ ಇಣುಕಿ ಗೆರೆಯಾಗಿ ತೋರುತ್ತದೆ. ಹಿಗ್ಗಿಸಿದಾಗಲೂ ಗೆರೆಯ ದಪ್ಪ ಹೆಚ್ಚದಿದ್ದರೆ ಅದು ಸಾಮಾನ್ಯವಾಗಿ ಪರದೆಯ ದೋಷ. ಮುದ್ರಣದಲ್ಲಿ ಬಹುಮಟ್ಟಿಗೆ ಕಾಣಿಸದು.

ಕಪ್ಪು ಚೌಕ: ಆಲ್ಫಾ ಮೌಲ್ಯವನ್ನು ಅಥವಾ ಬಣ್ಣದ ಬರವಣಿಗೆಯನ್ನು ಗುರುತಿಸದ ತಂತ್ರಾಂಶವು ಪೂರ್ವನಿಯೋಜಿತ ಬಣ್ಣವನ್ನು ತುಂಬುತ್ತದೆ. ಎಸ್‌ವಿಜಿಯಲ್ಲಿ ಆ ಬಣ್ಣ ಕಪ್ಪು.

ಪರಿಹಾರ ಕ್ರಮಗಳು

ಹಿನ್ನೆಲೆ ಒಂದೇ ಬಣ್ಣದ್ದಾಗಿದ್ದರೆ ಪಾರದರ್ಶಕತೆಯ ಅಗತ್ಯವೇ ಇಲ್ಲ. ಬಿಳಿಯ ಮೇಲೆ ಅರ್ಧ ಪಾರದರ್ಶಕ ಕಪ್ಪಿನ ಬದಲು ಅದಕ್ಕೆ ಸಮನಾದ ಬೂದು ಬಣ್ಣವನ್ನೇ ತುಂಬಿದರೆ ಎಲ್ಲ ತಂತ್ರಾಂಶಗಳಲ್ಲಿಯೂ ಚಿತ್ರ ಒಂದೇ ರೀತಿ ಕಾಣುತ್ತದೆ. ಒಂದೇ ಬಣ್ಣದ ಆಕೃತಿಗಳು ಒಂದರ ಮೇಲೊಂದು ಬರುವಲ್ಲಿ ಅವನ್ನು ಒಂದೇ ಆಕೃತಿಯಾಗಿ ಬೆಸೆದ ಬಳಿಕ ಸಾಂದ್ರತೆಯನ್ನು ನೀಡಬೇಕು. ಬಿಳಿ ತೇಪೆಯ ಬದಲು ಆಕೃತಿಯಿಂದ ಬೇಡವಾದ ಭಾಗವನ್ನು ಕತ್ತರಿಸಬೇಕು. ತಂತ್ರಾಂಶಗಳ ನಡುವೆ ಪಾರದರ್ಶಕ ಚಿತ್ರವನ್ನು ಸಾಗಿಸಲು ಇಪಿಎಸ್‌ಗಿಂತ ಪಿಡಿಎಫ್ ಅಥವಾ ಎಸ್‌ವಿಜಿ ಸೂಕ್ತ.

ಚಪ್ಪಟೆಗೊಳಿಸಿದ ಚಿತ್ರದಲ್ಲಿ ಪದರಗಳನ್ನು ಮರಳಿ ಪಡೆಯಲಾಗದು. ಅಕ್ಷರಗಳು ಆಕೃತಿಗಳಾಗಿ ಮಾರ್ಪಟ್ಟಿದ್ದರೆ ಪಠ್ಯವನ್ನು ಹುಡುಕಲು ಇಲ್ಲವೇ ತಿದ್ದಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಮೂಲ ಕಡತವನ್ನು ಪ್ರತ್ಯೇಕವಾಗಿ ಉಳಿಸಿಕೊಂಡು, ಪ್ರತಿಯೊಂದನ್ನು ಮಾತ್ರ ಚಪ್ಪಟೆಗೊಳಿಸುವುದು ಅವಶ್ಯಕ.