ದುಂಡಕ್ಷರ ಮತ್ತು ಮರದ ಎಳೆ: ಸಿಎನ್‌ಸಿ ಕೆತ್ತನೆಯಲ್ಲಿ ತಪ್ಪು ಹುಟ್ಟುವ ಬಗೆ

ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ 1938ರ ಅರಣ್ಯ ಸಂಶೋಧನಾ ಪ್ರಯೋಗಾಲಯ. ಯಶವಂತಪುರದ ಆಚೆ, ತುಮಕೂರು ರಸ್ತೆಯಲ್ಲಿ, 1962ರಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನಾ ಸಂಸ್ಥೆಯಿದೆ. ಮರದ ಅಧ್ಯಯನಕ್ಕೆ ಹೀಗೆ ಹಳೆಯ ನೆಲೆಯಾದ ನಗರದ ಈ ಭಾಗದಲ್ಲಿ ಸಿಎನ್‌ಸಿ ರೂಟರ್ ಕೆತ್ತುವ ಮನೆ ಹೆಸರಿನ ಫಲಕವನ್ನು ಈ ಲೇಖನ ಪರಿಶೀಲಿಸುತ್ತದೆ. ಕೆಟ್ಟ ಫಲಕಕ್ಕೆ ಯಂತ್ರವನ್ನು ದೂರುವುದು ರೂಢಿ. ಆದರೆ ತಪ್ಪಿನ ಬಹುಪಾಲು ಸ್ಪಿಂಡಲ್ ತಿರುಗುವ ಮೊದಲೇ ನಡೆದಿರುತ್ತದೆ ಎಂಬುದು ನನ್ನ ವಾದ.

ಮೊದಲ ತಪ್ಪು ಫೈಲಿನದು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಅಕ್ಷರವನ್ನು ತುಂಡುಗಳಿಂದ ಜೋಡಿಸುತ್ತಿದ್ದರು. ತಲೆಕಟ್ಟಿನ ಗೆರೆ ಅಕ್ಷರದ ಮೈಮೇಲೆ ಹಾದಿದ್ದರೆ, ಎರಡನ್ನೂ ಬೆಸೆಯದ ಹೊರತು ಯಂತ್ರ ಆ ಒಳಗೆರೆಯನ್ನೂ ಕೊರೆಯುತ್ತದೆ. ಯೂನಿಕೋಡ್ ಪಠ್ಯವನ್ನು ಸರಿಯಾಗಿ ಜೋಡಿಸಲಾರದ ತಂತ್ರಾಂಶದಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ಆದ್ದರಿಂದ ಅಕ್ಷರವನ್ನು ರೇಖೆಯಾಗಿ ಬದಲಿಸಿ, ಕನ್ನಡ ಓದಬಲ್ಲವರು ನೋಡಿದ ಮೇಲೆಯೇ ಫೈಲು ಯಂತ್ರಕ್ಕೆ ಹೋಗಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಝೀರೋ ಹಿಡಿಯುವ, ಅಂದರೆ ಬಿಟ್‌ನ ಆಳ ಎಲ್ಲಿಂದ ಲೆಕ್ಕ ಎಂದು ಯಂತ್ರಕ್ಕೆ ಗುರುತು ಕೊಡುವ ಕೆಲಸ. 60 ಡಿಗ್ರಿಯ ವಿ-ಬಿಟ್ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಸುಮಾರು 1.15ರಷ್ಟು ಅಗಲದ ಗೆರೆ ಮೂಡುತ್ತದೆ. ಹಲಗೆ ಒಂದು ಕಡೆ ಅರ್ಧ ಮಿಲಿಮೀಟರ್ ತಗ್ಗಿದ್ದರೆ ಅಲ್ಲಿನ ಗೆರೆ 0.58 ಮಿ.ಮೀ. ಕಿರಿದಾಗುತ್ತದೆ. 10 ಮಿ.ಮೀ. ಅಗಲದ ಗೆರೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, 3 ಮಿ.ಮೀ. ಅಗಲದ ಒತ್ತಿನಲ್ಲಿ ಐದನೇ ಒಂದು ಭಾಗವೇ ಹೋಯಿತು. ಹಲಗೆ ಉಬ್ಬಿದ್ದರೆ ಒತ್ತು ದಪ್ಪವಾಗಿ, ಅದಕ್ಕೂ ಮೇಲಿನ ಅಕ್ಷರಕ್ಕೂ ನಡುವೆ ಉಳಿಯಬೇಕಾದ ತೆಳು ಮರ ಸಿಡಿದುಹೋಗುತ್ತದೆ. ರೋಮನ್ ಲಿಪಿಯ ದೊಡ್ಡಕ್ಷರ ತಾಳಿಕೊಳ್ಳುವ ಸೊಟ್ಟನ್ನು ನಮ್ಮ ಲಿಪಿ ತಾಳದು. ಹಲಗೆಯನ್ನು ಕೆತ್ತುವ ಬೆಡ್ ಮೇಲೆಯೇ ಕ್ಲಾಂಪ್ ಮಾಡಿ, ಮೇಲ್ಮೈಯನ್ನು ಒಮ್ಮೆ ಸಮ ಮಾಡಿಕೊಂಡು, ಅನಂತರ ಝೀರೋ ಹಿಡಿಯುವುದೇ ಇದಕ್ಕೆ ಪರಿಹಾರ. ಹಸಿ ಮರವಾದರೆ ಇದೂ ನಿಲ್ಲದು: ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದಂತೆ ಮರ ಕುಗ್ಗತೊಡಗುತ್ತದೆ, ಇಂದು ಸಮವಾಗಿದ್ದ ಹಲಗೆ ಮುಂದೆ ಬಾಗುತ್ತದೆ.

ಕನ್ನಡದ ದುಂಡುತನ ಇನ್ನೊಂದು ಕಷ್ಟವನ್ನು ತರುತ್ತದೆ. ಉಬ್ಬಕ್ಷರದ ಸುತ್ತ ನೇರ ಬಿಟ್ ಒಂದೇ ದಿಕ್ಕಿನಲ್ಲಿ ಸುತ್ತುವಾಗ, ವೃತ್ತದ ನಾಲ್ಕು ಕಾಲುಭಾಗಗಳಲ್ಲಿ ಎದುರುಬದುರಾದ ಎರಡರಲ್ಲಿ ಅದು ಎಳೆಗೆ ವಿರುದ್ಧವಾಗಿ ಕತ್ತರಿಸುತ್ತದೆ. ಚೂರು ಏಳುವುದು ಅಲ್ಲೇ. ಉಳಿ ಹಿಡಿದ ಬಡಗಿ ಅಲ್ಲಿಗೆ ಬಂದಾಗ ಕೈ ತಿರುಗಿಸುತ್ತಿದ್ದ. ಆ ತಿಳಿವಳಿಕೆ ಜಿ-ಕೋಡ್‌ನಲ್ಲಿ ತಾನಾಗಿ ಇರುವುದಿಲ್ಲ, ನಾವೇ ಇಡಬೇಕು. ಮೊದಲ ಸುತ್ತಿನಲ್ಲಿ ಅರ್ಧ ಮಿಲಿಮೀಟರ್ ಉಳಿಸಿ, ಕೊನೆಯ ಸುತ್ತನ್ನು ಹಗುರವಾಗಿ ಸವರಿದರೆ ಎಳೆ ಬಹುಮಟ್ಟಿಗೆ ಉಳಿಯುತ್ತದೆ.

ವೇಗದ ವಿಷಯದಲ್ಲಿ ಒಂದೇ ಮಾತು. ಭಯದಿಂದ ಫೀಡ್ ತಗ್ಗಿಸುವುದು ಸುರಕ್ಷಿತವಲ್ಲ. ನಿಮಿಷಕ್ಕೆ 18,000 ಸುತ್ತು ತಿರುಗುವ ಎರಡು ಬಾಯಿಯ ಬಿಟ್ ನಿಮಿಷಕ್ಕೆ 1,000 ಮಿ.ಮೀ. ಮಾತ್ರ ಚಲಿಸಿದರೆ ಪ್ರತಿ ಬಾಯಿಗೂ 0.03 ಮಿ.ಮೀ.ಗಿಂತ ಕಡಿಮೆ ಮರ ಸಿಗುತ್ತದೆ. ಆಗ ಬಿಟ್ ಕತ್ತರಿಸದೆ ಉಜ್ಜುತ್ತದೆ, ತೇಗ ಕಪ್ಪಾಗುತ್ತದೆ. ಫೀಡ್ ಏರಿಸಲಾಗದ ಸಣ್ಣ ಯಂತ್ರದಲ್ಲಿ ಸ್ಪಿಂಡಲ್‌ನ ಸುತ್ತನ್ನೇ ಇಳಿಸಬೇಕು.

ಪರೀಕ್ಷೆಗೆ ಅದೇ ಹಲಗೆಯಿಂದ ಕೊಯ್ದ ತುಂಡು ಬೇಕು, ಹೆಸರಿನ ಅತಿ ಕಠಿಣ ಅಕ್ಷರವೂ ಬೇಕು. ‘ಜ್ಯೋತ್ಸ್ನಾ’ ಎಂಬ ಹೆಸರಾದರೆ ಮೊದಲು ಕೆತ್ತಿ ನೋಡಬೇಕಾದದ್ದು ಎರಡು ಒತ್ತು ಹೊತ್ತ ಆ ‘ತ್ಸ್ನಾ’.